ಕೋಳಿಯ ಕಣ್ಣಿಗೊಂದು ಹನಿ

ಅಡಿಕೆ ಕೊಯ್ಲು ಮುಗಿದು ಬಿಸಿಲೇರುವ ಹೊತ್ತಿಗೆ ತೀರ್ಥಹಳ್ಳಿ ಸೀಮೆಯಲ್ಲಿ ಕೋಳಿಗಳ ಓಡಾಟ ಹೆಚ್ಚುತ್ತದೆ. ಮಾರಿಹಬ್ಬ, ಭೂತದ ಹರಕೆ, ನೆಂಟರಿಗೆ ಕಡುಬು-ಕೋಳಿಸಾರು ಎಂದು ಹುಂಜಗಳು ಸಂತೆಯಿಂದ ಮನೆಗೆ, ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿರುತ್ತವೆ. ಕೊಕ್ಕರೆ ರೋಗವೂ ಅವುಗಳ ಜೊತೆಯಲ್ಲೇ ಬರುತ್ತದೆ. ಕೋಣಂದೂರು, ಮೇಗರವಳ್ಳಿ, ಆರಗದ ಕಡೆಯ ಕೇರಿಗಳಲ್ಲಿ ಪಶುವೈದ್ಯನಾಗಿ ತಿರುಗಿದವನು ನಾನು, ಊರವರ ಬಾಯಲ್ಲಿ ಗೋಡಾಕ್ಟ್ರು. ಕೊಟ್ಟಿಗೆಯ ಕೆಲಸ ಮುಗಿಸಿ ಕೈ ತೊಳೆಯುವಾಗ ಮನೆಯ ಹೆಂಗಸರು ಹತ್ತಿರ ಬಂದು ಹೇಳುತ್ತಿದ್ದರು: "ಡಾಕ್ಟ್ರೇ, ನಿನ್ನೆ ಸಂಜೆವರೆಗೂ ಚೆನ್ನಾಗಿದ್ವು. ಬೆಳಿಗ್ಗೆ ಗೂಡು ತೆಗೆದ್ರೆ ನಾಲ್ಕು ಸತ್ತು ಬಿದ್ದಿದಾವೆ. ಎಂತಾದ್ರೂ ಔಷಧಿ ಕೊಡಿ ಮಾರಾಯ್ರೇ."

ಔಷಧಿ ಇಲ್ಲ. ಇದು ವೈರಸ್ ರೋಗ. ಕೋಳಿ ಮಂಕಾಗಿ ರೆಕ್ಕೆ ಇಳಿಬಿಡುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಹಸಿರು ಬಣ್ಣದಲ್ಲಿ ಭೇದಿ ಮಾಡುತ್ತದೆ. ಬದುಕುಳಿದವುಗಳಲ್ಲಿ ಕೆಲವಕ್ಕೆ ಕುತ್ತಿಗೆ ತಿರುಚಿಕೊಂಡು ನಿಲ್ಲುತ್ತದೆ. ಲಸಿಕೆಯನ್ನೇ ಕಾಣದ ಗೂಡಿಗೆ ಉಗ್ರ ತಳಿ ಹೊಕ್ಕರೆ ಒಂದೂ ಉಳಿಯದೆ ಹೋಗಬಹುದು. ನಮ್ಮ ಕಡೆ ಕೋಳಿ ಹೆಂಗಸರ ಕೈಯ ದುಡ್ಡು. ಮೊಟ್ಟೆ ಮಾರಿದ್ದು, ಹುಂಜ ಮಾರಿದ್ದು ಮಗಳ ಪುಸ್ತಕಕ್ಕೋ ಸಂಘದ ಕಂತಿಗೋ ಹೋಗುತ್ತದೆ. ಹಸು ಸತ್ತರೆ ಊರೇ ಮರುಗುತ್ತದೆ. ಹತ್ತು ಕೋಳಿ ಸತ್ತ ನಷ್ಟ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಈ ರೋಗವನ್ನು ಮೊದಲು ಗುರುತಿಸಿದ್ದು 1926ರಲ್ಲಿ, ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಮರುವರ್ಷವೇ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡಿತು. ನಮ್ಮ ದೇಶದ ಪುಸ್ತಕಗಳಲ್ಲಿ ಇವತ್ತಿಗೂ ಅದು ರಾಣಿಖೇತ್ ರೋಗ. ಅದೇ ಬೆಟ್ಟಗಳ ಮುಕ್ತೇಶ್ವರದ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಸಿದ್ಧವಾದ ಆರ್‌2ಬಿ ಲಸಿಕೆ ಈಗಲೂ ಬಳಕೆಯಲ್ಲಿದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆ ಕೊಕ್ಕರೆ ರೋಗದ ಲಸಿಕೆ ತಯಾರಿಸುತ್ತದೆ.

ಲಸಿಕೆ ಹಾಕುವಾಗ ಜನ ಕೇಳುವ ಪ್ರಶ್ನೆಗಳಿಗೆಲ್ಲ ಕೋಳಿಯ ಮೈಯೊಳಗೇ ಉತ್ತರವಿದೆ. ಮರಿಗೆ ಸೂಜಿ ಚುಚ್ಚದೆ ಕಣ್ಣಿಗೆ ಹನಿ ಬಿಡುವುದೇಕೆ? ಕೋಳಿಯ ಕಣ್ಣುಗುಡ್ಡೆಯ ಹಿಂದೆ ಹಾರ್ಡೇರಿಯನ್ ಎಂಬ ಗ್ರಂಥಿಯಿದೆ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ಕೋಶಗಳು ಅದರಲ್ಲಿ ತುಂಬಿಕೊಂಡಿರುತ್ತವೆ. ವೈರಸ್ ಸಾಮಾನ್ಯವಾಗಿ ಒಳಗೆ ಬರುವುದು ಕಣ್ಣು, ಮೂಗು, ಗಂಟಲಿನ ದಾರಿಯಲ್ಲಿ. ಹನಿಯಲ್ಲಿರುವ ಲಸೋಟಾ ಅಥವಾ ಎಫ್ ತಳಿಯ ಸೌಮ್ಯ ವೈರಸ್ಸನ್ನು ಅದೇ ದಾರಿಯಲ್ಲಿ ಬಿಟ್ಟರೆ ರಕ್ತದಲ್ಲಷ್ಟೇ ಅಲ್ಲ, ಕಣ್ಣೀರಿನಲ್ಲಿ, ಗಂಟಲಿನ ಲೋಳೆಯಲ್ಲೂ ಪ್ರತಿಕಾಯ ಸಿದ್ಧವಾಗುತ್ತದೆ.

ಸೌಮ್ಯ ತಳಿ ಕೊಲ್ಲುವುದಿಲ್ಲವೇಕೆ ಎಂಬುದು ಇನ್ನೂ ಸೊಗಸಾದ ವಿಷಯ. ಕೋಳಿಯ ಜೀವಕೋಶದೊಳಗೆ ನುಗ್ಗಬೇಕಾದರೆ ವೈರಸ್ಸಿನ ಮೇಲಿರುವ ಒಂದು ಪ್ರೋಟೀನನ್ನು ಕೋಳಿಯದೇ ಕಿಣ್ವಗಳು ಕತ್ತರಿಸಬೇಕು. ಸೌಮ್ಯ ತಳಿಯ ಪ್ರೋಟೀನನ್ನು ಕತ್ತರಿಸುವ ಕಿಣ್ವ ಉಸಿರಾಟದ ನಾಳ ಮತ್ತು ಕರುಳಿನಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಅದು ಅಲ್ಲಿಗೇ ನಿಲ್ಲುತ್ತದೆ. ಉಗ್ರ ತಳಿಯದನ್ನು ಮೈಯ ಬಹುತೇಕ ಎಲ್ಲ ಅಂಗಗಳ ಕಿಣ್ವವೂ ಕತ್ತರಿಸಬಲ್ಲದು. ಅದು ಮಿದುಳಿನವರೆಗೂ ಹೋಗುತ್ತದೆ, ಕುತ್ತಿಗೆ ತಿರುಚುತ್ತದೆ. ಆರ್‌2ಬಿ ಇವೆರಡರ ನಡುವಿನದು. ಅದಕ್ಕೇ ಅದನ್ನು ಸುಮಾರು ಎಂಟು ವಾರ ತುಂಬಿದ ಆರೋಗ್ಯವಂತ ಕೋಳಿಗೆ ಮಾತ್ರ ಚುಚ್ಚಬೇಕು. ಎಳೆಮರಿಗೆ ಕೊಟ್ಟರೆ ಲಸಿಕೆಯೇ ರೋಗವಾಗಬಹುದು.

ಮರಿ ಮೊಟ್ಟೆಯಿಂದ ಹೊರಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ತಾಯಿಕೋಳಿಗೆ ಲಸಿಕೆಯಾಗಿದ್ದರೆ, ಅಥವಾ ಅದು ರೋಗ ಗೆದ್ದು ಉಳಿದಿದ್ದರೆ, ಅದರ ಪ್ರತಿಕಾಯ ಮೊಟ್ಟೆಯ ಭಂಡಾರದ ಮೂಲಕ ಮರಿಗೂ ಸಿಗುತ್ತದೆ. ಈ ರಕ್ಷಣೆ ನಾಲ್ಕೈದು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ತಾಯಿ ಕೊಟ್ಟದ್ದು ಹೆಚ್ಚಿದ್ದಷ್ಟೂ ಅದು ಲಸಿಕೆಯ ವೈರಸ್ಸನ್ನೂ ತಡೆಯುತ್ತದೆ. ಹಾಗಾಗಿ ಮೊದಲ ಹನಿ ಐದರಿಂದ ಏಳನೇ ದಿನಕ್ಕೆ, ಇನ್ನೊಮ್ಮೆ ಸುಮಾರು ನಾಲ್ಕು ವಾರಕ್ಕೆ. ಮೊದಲನೆಯದೇ ಸಾಕು ಎಂದು ಬಿಟ್ಟವರ ಗೂಡಿಗೆ ರೋಗ ಮತ್ತೆ ಬಂದದ್ದನ್ನು ಬಹಳ ನೋಡಿದ್ದೇನೆ.

ತಾಯಿ ಕೊಟ್ಟದ್ದು ಕರಗಿದ ಮೇಲೆ ಮರಿ ತನ್ನ ಪ್ರತಿಕಾಯವನ್ನು ತಾನೇ ತಯಾರಿಸಬೇಕು. ಕೋಳಿಯ ಗುದದ್ವಾರದ ಮೇಲ್ಭಾಗದಲ್ಲಿ ಬರ್ಸಾ ಎಂಬ ಸಣ್ಣ ಚೀಲವಿದೆ. ಇಟಲಿಯ ಅಂಗರಚನಾ ತಜ್ಞ ಫ್ಯಾಬ್ರಿಸಿಯಸ್ ಅದನ್ನು ವರ್ಣಿಸಿ ಮುನ್ನೂರು ವರ್ಷ ಕಳೆದರೂ ಅದರ ಕೆಲಸವೇನೆಂದು ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಓಹಾಯೊದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ಪ್ರಯೋಗ ಮಾಡುತ್ತಿದ್ದ. ಆ ಕೋಳಿಗಳಲ್ಲಿ ಕೆಲವನ್ನು ಸಹಪಾಠಿ ತಿಮೋತಿ ಚಾಂಗ್ ತರಗತಿಯಲ್ಲಿ ಪ್ರತಿಕಾಯ ತೋರಿಸಲೆಂದು ಕೊಂಡೊಯ್ದ. ಪ್ರತಿಕಾಯ ಬರಲೇ ಇಲ್ಲ! 1956ರಲ್ಲಿ ಅವರ ಲೇಖನ ಹೊರಬಂದದ್ದು ಕೋಳಿ ಸಾಕಣೆಯ ಒಂದು ನಿಯತಕಾಲಿಕದಲ್ಲಿ. ಮನುಷ್ಯನ ಪ್ರತಿಕಾಯ ಎಲ್ಲಿ ಹುಟ್ಟುತ್ತದೆಂದು ಹುಡುಕಲು ವೈದ್ಯರಿಗೆ ದಾರಿ ತೋರಿದ್ದು ಆ ಕೋಳಿಗಳು. ನಮಗೆ ಇದರಿಂದ ತಿಳಿಯುವುದೇನೆಂದರೆ, ಬರ್ಸಾ ಕೆಟ್ಟರೆ ಕೊಕ್ಕರೆ ಲಸಿಕೆಯೂ ನಾಟುವುದಿಲ್ಲ. ಮರಿಗಳಿಗೆ ತಗಲುವ ಗಂಬೋರೊ ಎಂಬ ಇನ್ನೊಂದು ವೈರಸ್ ರೋಗ ಹಾಳುಮಾಡುವುದು ಬರ್ಸಾವನ್ನೇ. ಅದರ ಲಸಿಕೆಯನ್ನೂ ಕೊಡಿಸುವುದು ಅದಕ್ಕಾಗಿ.

ಲಸಿಕೆ ಹಾಕಿದ ಸಂಜೆಗೇ ರಕ್ಷಣೆ ಬರುವುದಿಲ್ಲ. ರಕ್ತದಲ್ಲಿ ಸಾಕಷ್ಟು ಪ್ರತಿಕಾಯ ಕಾಣಲು ವಾರ, ಹತ್ತು ದಿನ ಬೇಕು. ಮೇಲ್ಮಟ್ಟಕ್ಕೇರಲು ಮೂರು ನಾಲ್ಕು ವಾರ. ಪಕ್ಕದ ಮನೆಯಲ್ಲಿ ಸಾಯತೊಡಗಿದ ಮೇಲೆ ಓಡಿ ಬಂದರೆ ಅಷ್ಟರಲ್ಲಾಗಲೇ ಸೋಂಕು ಹೊಕ್ಕ ಕೋಳಿಗೆ ಪ್ರಯೋಜನವಿಲ್ಲ. ಇನ್ನೂ ಒಂದು ಮಾತು. ಲಸಿಕೆಯಾದ ಕೋಳಿ ಸಾಯದಿದ್ದರೂ ಸೋಂಕು ತಗುಲಿ ವೈರಸ್ ಹೊರಹಾಕಬಹುದು. ಒಂದು ಮನೆಯವರು ಹಾಕಿಸಿ ಒಂಬತ್ತು ಮನೆಯವರು ಬಿಟ್ಟರೆ ಆ ಒಂಬತ್ತು ಗೂಡಿಗೆ ಅಪಾಯ ತಪ್ಪುವುದಿಲ್ಲ.

ಮಲೆನಾಡಿನ ನಿಜವಾದ ತೊಡಕು ಸೀಸೆಯದು. ಒಂದು ಸೀಸೆಯಲ್ಲಿ ಕಡಿಮೆಯೆಂದರೂ ನೂರು ಕೋಳಿಗಾಗುವಷ್ಟು ಮದ್ದು, ಮನೆಯಲ್ಲಿರುವುದು ಎಂಟೋ ಹತ್ತೋ. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಲ್ಲಿಯವರೆಗೂ 2ರಿಂದ 8 ಡಿಗ್ರಿ ತಂಪು ಕೆಡಬಾರದು. ಮನೆಯಿಂದ ಮನೆಗೆ ತೋಟ, ಗದ್ದೆ, ಹಳ್ಳ ದಾಟಿ ಹೋಗಬೇಕಾದ, ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಇಲ್ಲದ ಊರುಗಳಿವು. ಇಂಥ ಊರುಗಳಿಗೆಂದೇ ಆಸ್ಟ್ರೇಲಿಯದ ವಿಜ್ಞಾನಿ ಪೀಟರ್ ಸ್ಪ್ರಾಡ್‌ಬ್ರೋ ಮತ್ತು ಜೊತೆಯವರು ಬಿಸಿ ತಡೆಯುವ ಐ-2 ಲಸಿಕೆ ರೂಪಿಸಿದರು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ಊರಿನವರೇ ಅದರ ಹನಿ ಹಾಕುತ್ತಾರೆ. ಅಂಥದ್ದು, ಸಣ್ಣ ಸೀಸೆಯಲ್ಲಿ, ನಮ್ಮ ಪಶು ಆಸ್ಪತ್ರೆಗಳಲ್ಲಿ ಸಿಗಬೇಕು. ಸರ್ಕಾರ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ.

ಅಲ್ಲಿಯವರೆಗೆ ಕೇರಿಯ ಹೆಂಗಸರಲ್ಲಿ, ಸ್ವಸಹಾಯ ಸಂಘದವರಲ್ಲಿ ನನ್ನ ವಿನಂತಿ ಇಷ್ಟು. ಹಬ್ಬಗಳು ಶುರುವಾಗುವ ಒಂದು ತಿಂಗಳು ಮೊದಲೇ ಹತ್ತು ಮನೆಯ ಕೋಳಿ ಲೆಕ್ಕ ಹಾಕಿ ಪಶು ಆಸ್ಪತ್ರೆಗೆ ತಿಳಿಸಿ. ಲಸಿಕೆಗೆ ಗೊತ್ತುಮಾಡಿದ ದಿನ ಕೋಳಿಗಳನ್ನು ಬೆಳಿಗ್ಗೆ ಗೂಡಿನಿಂದ ಬಿಡಬೇಡಿ. ಸೀಸೆ ತರಲು ಥರ್ಮಾಸ್‌ನಲ್ಲಿ ಮಂಜುಗಡ್ಡೆ ಒಯ್ಯಿರಿ. ಸಂತೆಯಿಂದ ತಂದ ಹುಂಜವನ್ನು ಎರಡು ವಾರ ಬೇರೆಯೇ ಕಟ್ಟಿ. ರೋಗದಿಂದ ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ.