ಮನೆಯಲ್ಲೇ ತಯಾರಾದ ಆರ್‌ಪಿಜಿ: ಕೊಟ್ಟ ದುಡ್ಡಿಗೆ ಏನು ಸಿಗಬೇಕು?

ಹೋಮ್ ಪ್ರಾಡಕ್ಟ್ಸ್ ಅಂಗಡಿಯಿಂದ ಹಪ್ಪಳ ತಂದಾಗ ಅದು ಕಂಪನಿ ಹಪ್ಪಳದ ಹಾಗೆ ಒಂದೇ ಅಳತೆಯಲ್ಲಿ, ಗುಂಡಗೆ ಇರಬೇಕು ಅಂತ ಯಾರೂ ಜಗಳ ತೆಗೆಯೋದಿಲ್ಲ. ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತೆ. ಆದರೆ ಬಾಯಿಗೆ ಕಲ್ಲು ಸಿಕ್ಕಿದರೆ? "ಮನೇಲಿ ಮಾಡಿದ್ದು ಕಣ್ರೀ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಒಪ್ಪುತ್ತೀವಾ? ಒಪ್ಪೋದಿಲ್ಲ.

ಒಬ್ಬರೋ ಇಬ್ಬರೋ ಕೂತು ಮನೆಯಲ್ಲೇ ಬರೆದು, ತಾವೇ ಪ್ರಕಟಿಸಿ ಮಾರುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಿಗೂ ಇದೇ ಮಾತು ಹೇಳಬಹುದು. ಎಲ್ಲಿ ಸೊಟ್ಟಗಿದ್ದರೆ ಪರವಾಗಿಲ್ಲ, ಯಾವುದು ಕಲ್ಲು ಅನ್ನೋದು ಗೊತ್ತಿದ್ದರೆ ಕೊಳ್ಳೋರಿಗೂ ಒಳ್ಳೇದು, ಬರೆದವರಿಗೂ ನ್ಯಾಯ.

ನಮ್ಮದು ಐದು ಜನರ ಗುಂಪು. ಆನ್‌ಕಾಲ್, ರಿಲೀಸ್, ಊರಿನ ಮದುವೆ, ಮಕ್ಕಳ ಜ್ವರ ಎಲ್ಲವನ್ನೂ ದಾಟಿ ನಮಗೆ ಸಿಗೋದು ತಿಂಗಳಿಗೆ ಒಂದು ಭಾನುವಾರ, ನಾಲ್ಕು ಗಂಟೆ. ಅಂದರೆ ಆಟ ಕೆಟ್ಟರೆ ಹೋಗೋದು ಹತ್ತು ಡಾಲರ್ ಮಾತ್ರ ಅಲ್ಲ, ಐದು ಜನರ ಒಟ್ಟು 20 ಗಂಟೆ. ಎರಡು ಸಲ ಹಾಗಾದರೆ ಮೂರನೇ ತಿಂಗಳು "ಬೇಡ ಬಿಡ್ರೋ, ಸಿನಿಮಾಗೆ ಹೋಗೋಣ" ಅಂತ ಗುಂಪೇ ಕರಗುತ್ತೆ.

ಇದು ಎಂಥ ಆಟ?

'ಸ್ಟ್ರೇಂಜರ್ ಥಿಂಗ್ಸ್' ನೋಡಿದವರಿಗೆ ಗೊತ್ತಿರುತ್ತೆ: ಹುಡುಗರು ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತಾ ರಾಕ್ಷಸರ ಜೊತೆ ಹೊಡೆದಾಡುವ ಆಟ. ಒಬ್ಬರು ಸನ್ನಿವೇಶ ಹೇಳುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಜಾಗದಲ್ಲಿ ದಾಳ ತೀರ್ಮಾನಿಸುತ್ತೆ.

ನಮ್ಮ ಗುಂಪಿನ ಉಡುಪಿ ಕಡೆಯ ಗೆಳೆಯ ಇದನ್ನು ಇನ್ನೂ ಚೆನ್ನಾಗಿ ವಿವರಿಸಿದ: "ತಾಳಮದ್ದಳೆ ಗೊತ್ತಲ್ಲ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಕೃಷ್ಣ ಆಗಿ, ಕರ್ಣ ಆಗಿ ಆಶುವಾಗಿ ಮಾತಾಡ್ತಾರೆ. ಅದಕ್ಕೇ ದಾಳ ಸೇರಿಸಿದ್ರೆ ಇದು."

ಈ ಹೋಲಿಕೆ ಕೊಳ್ಳುವವರಿಗೆ ತುಂಬಾ ಉಪಯೋಗ. ಪ್ರಸಂಗದ ಪುಸ್ತಕ ತೆಳ್ಳಗಿರುತ್ತೆ. ಅದನ್ನು ಇಡೀ ರಾತ್ರಿಯ ಆಟ ಮಾಡೋದು ಅರ್ಥಧಾರಿಗಳು. ಆರ್‌ಪಿಜಿ ಪುಸ್ತಕವೂ ಹಾಗೇ. ಪುಟ ಕಮ್ಮಿ ಇದೆ ಅನ್ನೋದು ದೋಷ ಅಲ್ಲ. ಆಡೋರು ಏನು ತುಂಬಬೇಕು, ಪುಸ್ತಕ ಏನು ಕೊಡಬೇಕು ಅನ್ನೋ ಗಡಿ ಸರಿಯಾಗಿದೆಯಾ ಅನ್ನೋದು ಪ್ರಶ್ನೆ.

ಮೊಟ್ಟಮೊದಲನೆಯದೇ ಮನೇಲಿ ತಯಾರಾದದ್ದು

ಈಗ ದೊಡ್ಡ ಬ್ರ್ಯಾಂಡ್ ಆಗಿರುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಬಂದಾಗ ಅದೂ ಮನೆ ಉತ್ಪನ್ನವೇ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಗೈಗ್ಯಾಕ್ಸ್ ಮನೆಯಲ್ಲಿ ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಿದರು. ಮೂರು ಸಣ್ಣ ಪುಸ್ತಕ, 1000 ಪ್ರತಿ, ಬೆಲೆ 10 ಡಾಲರ್.

ಅದು ಪರಿಪೂರ್ಣವಾಗಿತ್ತಾ? ಇಲ್ಲ. 'ಚೈನ್‌ಮೇಲ್' ಎಂಬ ಯುದ್ಧದಾಟದ ನಿಯಮ ಪುಸ್ತಕ, 'ಔಟ್‌ಡೋರ್ ಸರ್ವೈವಲ್' ಎಂಬ ಬೇರೆ ಕಂಪನಿಯ ಬೋರ್ಡ್ ಗೇಮ್ ಎರಡೂ ಬೇಕಾದ ಸಾಮಾನುಗಳ ಪಟ್ಟಿಯಲ್ಲಿದ್ದವು. ಅರ್ಥವಾಗದ ಕಡೆ ಜನ ತಮ್ಮದೇ ನಿಯಮ ಮಾಡಿಕೊಂಡರು. ನಮ್ಮ ಚೌಕಾಬಾರದ ನಿಯಮ ಅಜ್ಜಿ ಮನೆಯಲ್ಲೊಂದು, ಅತ್ತೆ ಮನೆಯಲ್ಲೊಂದು ಇರುತ್ತಲ್ಲ, ಹಾಗೆ.

ಇವತ್ತು ಆ ಆಟ ಹಾಸ್ಬ್ರೋ ಕಂಪನಿಯ ಒಡೆತನದಲ್ಲಿದೆ. ಮನೆಯಲ್ಲಿ ಆಟ ತಯಾರಿಸುವ ಕೆಲಸ ಇಚ್.ಐಒ, ಡ್ರೈವ್‌ಥ್ರೂ ಆರ್‌ಪಿಜಿ ಥರದ ಜಾಲತಾಣಗಳಿಗೆ ಬಂದಿದೆ. 2019ರ ಫೆಬ್ರವರಿಯಿಂದ ಕಿಕ್‌ಸ್ಟಾರ್ಟರ್ 'ಝೀನ್ ಕ್ವೆಸ್ಟ್' ಅಂತ ಸಣ್ಣ ಪುಸ್ತಿಕೆಯ ಆಟಗಳಿಗೇ ಅಭಿಯಾನ ಶುರು ಮಾಡಿತು. 2020ರ ಜೂನ್‌ನಲ್ಲಿ ಇಚ್.ಐಒ ಜನಾಂಗೀಯ ನ್ಯಾಯಕ್ಕಾಗಿ ಹಣ ಕೂಡಿಸಲು ಕನಿಷ್ಠ 5 ಡಾಲರ್‌ಗೆ 1,700ಕ್ಕೂ ಹೆಚ್ಚು ಕೃತಿಗಳ ಗಂಟು ಮಾರಿ 80 ಲಕ್ಷ ಡಾಲರ್‌ಗೂ ಮಿಕ್ಕಿ ಸಂಗ್ರಹಿಸಿತು. ಅದರಲ್ಲಿ ವಿಡಿಯೋ ಗೇಮ್‌ಗಳ ಜೊತೆ ಆರ್‌ಪಿಜಿ ಪುಸ್ತಕಗಳೂ ಬೇಕಾದಷ್ಟಿದ್ದವು. ಅಷ್ಟೊಂದು ಆಟ ಸಿಕ್ಕಿದರೆ ಆರಿಸೋದೇ ಕಷ್ಟ.

ಇವು ಇಲ್ಲದಿದ್ದರೂ ಬೇಜಾರಾಗಬೇಡಿ

ಬಣ್ಣದ ಚಿತ್ರ, ಗಟ್ಟಿ ರಟ್ಟು, ನೂರಾರು ಪುಟ ಬೇಕೇಬೇಕು ಅಂತಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' 320 ಪುಟ. ಜಾನ್ ಹಾರ್ಪರ್ 2013ರಲ್ಲಿ ಉಚಿತವಾಗಿ ಕೊಟ್ಟ 'ಲೇಸರ್ಸ್ ಅಂಡ್ ಫೀಲಿಂಗ್ಸ್' ಒಂದೇ ಒಂದು ಪುಟ. ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ಕಥೆ. ನಿಮ್ಮ ಪಾತ್ರಕ್ಕೆ 2ರಿಂದ 5ರೊಳಗಿನ ಒಂದು ಸಂಖ್ಯೆ. ಬುದ್ಧಿಯ, ಯಂತ್ರದ ಕೆಲಸಕ್ಕೆ ದಾಳ ಆ ಸಂಖ್ಯೆಗಿಂತ ಕೆಳಗೆ ಬೀಳಬೇಕು. ಮನಸ್ಸಿನ, ಮಾತಿನ ಕೆಲಸಕ್ಕೆ ಮೇಲೆ ಬೀಳಬೇಕು. ಒಂದರಲ್ಲಿ ಜಾಣರಾದರೆ ಇನ್ನೊಂದರಲ್ಲಿ ಪೆದ್ದರು. ಇಷ್ಟರಲ್ಲೇ ಒಂದು ಸಂಜೆ ಕಳೆಯುತ್ತೆ.

ಹೊಡೆದಾಟವೂ ಇರಲೇಬೇಕಿಲ್ಲ. ಏವರಿ ಆಲ್ಡರ್ ಬರೆದ 'ದಿ ಕ್ವಯಟ್ ಇಯರ್' ಆಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಅಂತಿಲ್ಲ, ಆಟ ನಡೆಸುವ ಯಜಮಾನರೂ ಇಲ್ಲ. ಎಲ್ಲರೂ ಸೇರಿ ಒಂದು ಊರಿನ ನಕ್ಷೆ ಬಿಡಿಸುತ್ತೀರಿ. 52 ಇಸ್ಪೀಟ್ ಎಲೆ ಅಂದರೆ ವರ್ಷದ 52 ವಾರ. ಒಂದೊಂದು ಎಲೆ ತೆಗೆದಾಗಲೂ ಊರಿಗೆ ಏನೋ ಒಂದು ಆಗುತ್ತೆ. "ಇದರಲ್ಲಿ ಗೆಲ್ಲೋದು ಹೇಗೆ?" ಅಂತ ಕೇಳಿದರೆ ಉತ್ತರ ಇಲ್ಲ. ಅದು ಕೊರತೆಯೂ ಅಲ್ಲ.

ಅಲ್ಲೊಂದು ಇಲ್ಲೊಂದು ಅಕ್ಷರತಪ್ಪು, ಸಾದಾ ಪುಟವಿನ್ಯಾಸ, ಮೂರೇ ಸಂಜೆಗೆ ಮುಗಿಯುವ ಕಥೆ, ಇವೆಲ್ಲ ಸೊಟ್ಟ ಹಪ್ಪಳ. ತಿನ್ನಬಹುದು.

ಇವು ಇರಲೇಬೇಕು

1. ಮೊದಲ ಪುಟದಲ್ಲೇ ಲೆಕ್ಕ. ಎಷ್ಟು ಜನ, ಎಷ್ಟು ಹೊತ್ತು, ಯಾವ ದಾಳ, ಇಸ್ಪೀಟ್ ಬೇಕಾ, ನಡೆಸುವವರು ಬೇಕಾ, ಬೇರೆ ಪುಸ್ತಕ ಬೇಕಾ. 1974ರಲ್ಲಿ ಕಷ್ಟಪಟ್ಟು ಹೊಂದಿಸಿಕೊಂಡರು ಸರಿ. ಇವತ್ತು "ಇದನ್ನಾಡಲು ಇನ್ನೊಂದು ಪುಸ್ತಕ ಬೇಕು" ಅನ್ನೋದನ್ನ ದುಡ್ಡು ತಗೊಳ್ಳೋ ಮುಂಚೆಯೇ ಹೇಳಬೇಕು.

2. ಅರ್ಧಕ್ಕೆ ಕೈಬಿಡದ ನಿಯಮ. ನಾವು 15 ಡಾಲರ್ ಕೊಟ್ಟು ಒಂದು ಆಟ ತಂದಿದ್ದೆವು. ಮೂರು ಗಾಯವಾದರೆ ಪಾತ್ರ ಹೊರಗೆ ಅಂತ 9ನೇ ಪುಟ, ಐದು ಅಂತ 31ನೇ ಪುಟ. ಕೊನೆಯ ಘಟ್ಟದಲ್ಲಿ "ಶಾಪಗಳ ಪಟ್ಟಿ ನೋಡಿ" ಅಂತಿದೆ, ಪಟ್ಟಿ ಪುಸ್ತಕದಲ್ಲೇ ಇಲ್ಲ. ಪುಟ ತಿರುವುತ್ತಾ 40 ನಿಮಿಷ ಹೋಯಿತು. ಇದು ಕಲ್ಲು. ಮನೇಲಿ ಬರೆದದ್ದು ಅನ್ನೋ ಕಾರಣಕ್ಕೆ ಬಿಡುವಂಥದ್ದಲ್ಲ. ಏಕೆಂದರೆ ಅಪರಿಚಿತರ ಕೈಗೆ ಪುಸ್ತಕ ಕೊಟ್ಟು ಒಂದೇ ಒಂದು ಸಲ ಆಡಿಸಿ ನೋಡಿದ್ದರೂ ಸಿಕ್ಕಿಬೀಳುತ್ತಿದ್ದ ತಪ್ಪು ಅದು.

3. ಆಡಿ ನೋಡಿದ ಗುರುತು. ಒಳಪುಟದಲ್ಲಿ ಪ್ಲೇಟೆಸ್ಟ್ ಮಾಡಿದವರ ಹೆಸರು ಇದೆಯಾ ನೋಡಿ. ಇನ್ನೂ ಮುಗಿದಿಲ್ಲ ಅಂದರೆ "ಆವೃತ್ತಿ 0.3" ಅಂತ ಬರೆದಿರಬೇಕು, ಬೆಲೆಯೂ ಅದಕ್ಕೆ ತಕ್ಕ ಹಾಗಿರಬೇಕು. ನಾವು ಆಫೀಸಿನಲ್ಲಿ ಬೀಟಾ ಅಂತ ಹೇಳದೆ ಬೀಟಾ ಕೊಟ್ಟರೆ ಗ್ರಾಹಕರು ಸುಮ್ಮನಿರುತ್ತಾರಾ?

4. ಲೆಕ್ಕ ಕೂಡಬೇಕು. ಇದನ್ನು ಕೊಳ್ಳುವವರು ಐದೇ ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. 20 ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬಿದ್ದರೆ ಗೆಲುವು ಅಂದರೆ ಅವಕಾಶ 20ರಲ್ಲಿ 6, ಶೇ. 30. ಗೋಡೆ ಹತ್ತಬೇಕು, ಕಾವಲುಗಾರನ ಕಣ್ಣು ತಪ್ಪಿಸಬೇಕು, ಬೀಗ ತೆಗೀಬೇಕು ಅಂತ ಮೂರು ಸಲ ಉರುಳಿಸಲು ಹೇಳಿದರೆ ಮೂರೂ ಗೆಲ್ಲುವ ಅವಕಾಶ ಶೇ. 2.7. ಸೋತರೆ ಕಥೆ ಅಲ್ಲೇ ನಿಲ್ಲುತ್ತೆ ಅಂದರೆ ಆ ಆಟ ನಡೆಯೋದೇ ಇಲ್ಲ.

ಸರಿಯಾದ ಉದಾಹರಣೆ ಬೇಕಾದರೆ ವಿನ್ಸೆಂಟ್ ಬೇಕರ್ ಮತ್ತು ಮೆಗಿ ಬೇಕರ್ ದಂಪತಿಯ 'ಅಪೊಕ್ಯಾಲಿಪ್ಸ್ ವರ್ಲ್ಡ್' (2010) ನೋಡಿ. ಎರಡು ಸಾಮಾನ್ಯ ದಾಳ. ಮೊತ್ತ 10 ಅಥವಾ ಹೆಚ್ಚಾದರೆ ಪೂರ್ತಿ ಗೆಲುವು, 7ರಿಂದ 9 ಆದರೆ ಗೆಲುವು ಹೌದು ಆದರೆ ಏನೋ ಒಂದು ಕಳ್ಕೋಬೇಕು, 6 ಅಥವಾ ಕಮ್ಮಿ ಆದರೆ ತೊಂದರೆ. 36 ಸಾಧ್ಯತೆಗಳಲ್ಲಿ ಇವು 6, 15, 15. ಅಂದರೆ ಹೆಚ್ಚಿನ ಸಲ ಏನೋ ಒಂದು ಎಡವಟ್ಟಾಗುತ್ತೆ, ಕಥೆ ಮುಂದಕ್ಕೆ ಓಡುತ್ತೆ. ಇದೇ ಎಂಜಿನ್ ಇಟ್ಟುಕೊಂಡು ಎಷ್ಟೋ ಮನೆ ಉತ್ಪನ್ನಗಳು ಬಂದಿವೆ.

5. ಮನಸ್ಸಿಗೆ ಪೆಟ್ಟಾಗದ ಹಾಗೆ ದಾರಿ. ಸಣ್ಣ ಆಟಗಳು ದೊಡ್ಡ ಕಂಪನಿಗಳು ಮುಟ್ಟದ ವಿಷಯ ಮುಟ್ಟುತ್ತವೆ: ಸಾವು, ದೌರ್ಜನ್ಯ, ಮನೆಯೊಳಗಿನ ಹಿಂಸೆ. ಆಡೋರಲ್ಲಿ ಯಾರಿಗೆ ಯಾವ ಗಾಯ ಇದೆಯೋ ಹೇಳೋಕಾಗಲ್ಲ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ 'ಎಕ್ಸ್ ಕಾರ್ಡ್' ತುಂಬಾ ಸರಳ: ಎಕ್ಸ್ ಬರೆದ ಚೀಟಿ ಮೇಜಿನ ಮೇಲಿರುತ್ತೆ, ಯಾರು ಮುಟ್ಟಿದರೂ ಆ ಸನ್ನಿವೇಶ ಬಿಟ್ಟು ಮುಂದೆ ಹೋಗಬೇಕು, ಕಾರಣ ಕೇಳಬಾರದು. ಭಾರವಾದ ವಿಷಯದ ಆಟದಲ್ಲಿ ಇಂಥದ್ದು ಒಂದು ಪ್ಯಾರಾ ಆದರೂ ಇರಬೇಕು. ಇಲ್ಲದಿದ್ದರೆ ಆಟ ಶುರು ಮಾಡೋ ಮುಂಚೆ ನೀವೇ ಸೇರಿಸಿಕೊಳ್ಳಿ.

ಕಿಕ್‌ಸ್ಟಾರ್ಟರ್ ಅಂಗಡಿ ಅಲ್ಲ

ಅಲ್ಲಿ ನೀವು ಕೊಳ್ಳುತ್ತಿಲ್ಲ, ಇನ್ನೂ ಆಗದ ಕೆಲಸಕ್ಕೆ ಮುಂಗಡ ಕೊಡುತ್ತಿದ್ದೀರಿ. ತಲುಪಿಸುವ ಹೊಣೆ ಬರೆದವರದ್ದು, ಕಿಕ್‌ಸ್ಟಾರ್ಟರ್ ಖಾತರಿ ಕೊಡೋದಿಲ್ಲ. ಹಾಗಾಗಿ ನಾನು ಮೂರು ನೋಡುತ್ತೇನೆ: ಪಠ್ಯ ಬರೆದು ಮುಗಿದಿದೆಯಾ, ಇವರು ಹಿಂದೆ ಏನಾದರೂ ಮುಗಿಸಿ ತಲುಪಿಸಿದ್ದಾರಾ, ಈಗಲೇ ಓದಲು ನಾಲ್ಕು ಪುಟ ಕೊಟ್ಟಿದ್ದಾರಾ. ಮೂರೂ ಇಲ್ಲದಿದ್ದರೆ, ಕಳೆದರೂ ಪರವಾಗಿಲ್ಲ ಅನ್ನುವಷ್ಟೇ ದುಡ್ಡು.

ಮುದ್ರಿತ ಪ್ರತಿ ವಿದೇಶದಿಂದ ತರಿಸುವಾಗ ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರಬಹುದು, ಮೇಲೆ ಕಸ್ಟಮ್ಸ್ ಬೇರೆ. ಪಿಡಿಎಫ್ ತಗೊಂಡು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಬುಕ್‌ಲೆಟ್ ಮಾದರಿಯಲ್ಲಿ ತೆಗೆಸಿ. 32 ಪುಟದ ಪುಸ್ತಿಕೆಗೆ ಎರಡೂ ಬದಿ ಸೇರಿ ಎಂಟೇ ಎ4 ಹಾಳೆ ಸಾಕು. ಮಧ್ಯಕ್ಕೆ ಎರಡು ಪಿನ್ ಹೊಡೆದರೆ ಆಟ ಸಿದ್ಧ.

ನಮ್ಮ ಕಡೆಯಿಂದಲೂ ಒಂದಿಷ್ಟು

ಆ ಶಾಪಗಳ ಪಟ್ಟಿ ಇಲ್ಲದ ಆಟದ ಕಥೆ ಮುಗಿದಿರಲಿಲ್ಲ. ಅದನ್ನು ಬರೆದವರಿಗೆ ಪುಟಸಂಖ್ಯೆ ಹಾಕಿ ಮೇಲ್ ಕಳಿಸಿದೆವು. ಮರುದಿನವೇ ಕ್ಷಮೆ ಕೇಳಿ, ಪಟ್ಟಿಯನ್ನೂ ತಿದ್ದಿದ ಫೈಲನ್ನೂ ಕಳಿಸಿದರು. ದೊಡ್ಡ ಕಂಪನಿಯಲ್ಲಿ ನನಗೆ ಟಿಕೆಟ್ ನಂಬರ್ ಸಿಗುತ್ತಿತ್ತು ಅಷ್ಟೆ. ಮನೆ ಉತ್ಪನ್ನದಿಂದ ನಾವು ನಿರೀಕ್ಷಿಸಬಹುದಾದ ದೊಡ್ಡ ಲಾಭ ಇದೇ: ಬರೆದವರು ಕೈಗೆ ಸಿಗುತ್ತಾರೆ.

ಅದಕ್ಕೇ ಒಂದು ಸ್ಟಾರ್ ಒತ್ತಿ "ವೇಸ್ಟ್" ಅಂತ ಬರೆಯೋ ಮುಂಚೆ ಒಂದು ಮೇಲ್ ಹಾಕಿ. ಹತ್ತು ವಿಮರ್ಶೆಯೂ ಇಲ್ಲದ ಪುಸ್ತಕಕ್ಕೆ ಒಂದು ಸಿಟ್ಟಿನ ಸಾಲು ಬಹಳ ಭಾರ. ಉತ್ತರ ಬರಲಿಲ್ಲವೋ, ಆಗ ಏನು ಕೆಲಸ ಮಾಡಲಿಲ್ಲ ಅಂತ ಪುಟಸಂಖ್ಯೆ ಸಮೇತ ಬರೆಯಿರಿ. ಮುಂದೆ ಕೊಳ್ಳುವವರಿಗೆ ಅದೇ ಬೇಕಾದದ್ದು. ಹಾಗೇ, "ಪಿಡಿಎಫ್‌ಗೆ ಯಾಕೆ ದುಡ್ಡು" ಅಂತ ಗುಂಪಿಗೆಲ್ಲ ಫಾರ್ವರ್ಡ್ ಮಾಡಬೇಡಿ. ಒಬ್ಬರು ರಾತ್ರಿ ಕೆಲಸ ಮುಗಿಸಿ ಕೂತು ಬರೆದದ್ದು ಅದು.

ಎಲ್ಲಿಂದ ಶುರು ಮಾಡೋದು?

ಮೊದಲು ಉಚಿತದ ಒಂದು ಪುಟದ ಆಟ. ಆಮೇಲೆ ಐದು ಡಾಲರ್ ಒಳಗಿನ ಒಂದು ಪುಸ್ತಿಕೆ. ಗುಂಪಿನ ಮುಂದಿಡುವ ಮುಂಚೆ ಒಬ್ಬರೇ ಕೂತು 20 ನಿಮಿಷ ಒಂದು ಪಾತ್ರ ಮಾಡಿ, ಒಂದು ಸನ್ನಿವೇಶ ಆಡಿ ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ.

ಇನ್ನೊಂದು ಮಾತು. ನಿಯಮ ಇಂಗ್ಲಿಷಿನಲ್ಲಿದ್ದರೂ ನಾವು ಆಡೋದು ಕನ್ನಡದಲ್ಲೇ. ಪುಸ್ತಿಕೆ ಸಣ್ಣದಾದಷ್ಟೂ ಬಾಯಲ್ಲೇ ಕನ್ನಡ ಮಾಡಿ ಹೇಳೋದು ಸುಲಭ. 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ದಾಖಲೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದಿದೆ. ಅಂದರೆ ಮೂಲವನ್ನು ಹೆಸರಿಸಿ ಅದರ ಮೇಲೆ ಯಾರು ಬೇಕಾದರೂ, ಯಾವ ಭಾಷೆಯಲ್ಲಿ ಬೇಕಾದರೂ ಆಟ ಬರೆದು ಮಾರಬಹುದು. ನಮ್ಮ ಉಡುಪಿ ಗೆಳೆಯ ಈಗ ಮಲೆನಾಡಿನ ಒಂದು ಮಳೆಗಾಲದ ಕಥೆ ಇಟ್ಟುಕೊಂಡು ಹನ್ನೆರಡು ಪುಟ ಬರೆದಿದ್ದಾನೆ. ಮೊದಲ ಪುಟದಲ್ಲಿ ಎಷ್ಟು ಜನ, ಎಷ್ಟು ಹೊತ್ತು ಅಂತ ಹಾಕಿಲ್ಲ. ಮುಂದಿನ ಭಾನುವಾರ ಆಡಿ ನೋಡಿ, ಅದನ್ನೇ ಮೊದಲು ಹೇಳುತ್ತೇವೆ.