ಮನೆಯಲ್ಲಿ ಹುಟ್ಟಿದ ಮೃದು ಎರೆ

ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿ ಮೀನು ಹಿಡಿಯುವ ರೂಢಿ ಪುರಾತನವಾದುದು. ಆ ಹುಳುವಿನ ಮೃದುತ್ವ ಕೃತಕ ಎರೆಗೆ ಪ್ಲಾಸ್ಟಿಕ್ಕಿನಿಂದ ಒದಗಿದುದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಆಕ್ರನ್ ನಗರದ ಗುಡ್‌ರಿಚ್ ಸಂಸ್ಥೆಯಲ್ಲಿ ವಾಲ್ಡೊ ಸೀಮನ್ನರು 1926ರಲ್ಲಿ ಗಡುಸಾದ ಪಾಲಿವಿನೈಲ್ ಕ್ಲೋರೈಡನ್ನು ಮೆದುಗೊಳಿಸುವ ಕ್ರಮವನ್ನು ಕಂಡುಕೊಂಡರು. ಅದೇ ನಗರದಲ್ಲಿ 1949ರಲ್ಲಿ ನಿಕ್ ಕ್ರೀಮರು ವಿನೈಲನ್ನು ಮನೆಯಲ್ಲಿಯೇ ಕಾಯಿಸಿ, ಹುಳುವಿನ ಅಚ್ಚಿಗೆ ಹೊಯ್ದರು.

ಇಂದು ಹವ್ಯಾಸಿಗಳು ಎರಡು ಮೂರು ಸೆಂಟಿಮೀಟರಿನ ಎರೆಗಳನ್ನೂ ಇದೇ ಕ್ರಮದಿಂದ ಮಾಡಿಕೊಳ್ಳುತ್ತಾರೆ. ಹಾಲಿನಂತಹ ದ್ರವವು ಸುಮಾರು 175 ಡಿಗ್ರಿ ಸೆಂಟಿಗ್ರೇಡಿನಲ್ಲಿ ತಿಳಿಯಾಗಿ, ಆರಿದಾಗ ಮೆದುವಾದ ಘನವಾಗುತ್ತದೆ. ಎರೆ ಚಿಕ್ಕದಾದಷ್ಟೂ ಕೆಲಸ ಕಠಿಣ: ಎಳೆಯಂತಹ ಬಾಲದ ಭಾಗವು ತುಂಬುವ ಮುನ್ನವೇ ದ್ರವ ಹೆಪ್ಪುಗಟ್ಟುವುದು. ಆದುದರಿಂದ ಅದನ್ನು ಪಿಚಕಾರಿಯಿಂದ ಒತ್ತಿ ತುಂಬುವುದುಂಟು. ಶಾಖವನ್ನು ಮಿತಿಮೀರಿ ಏರಿಸಿದರೆ ಹೈಡ್ರೋಜನ್ ಕ್ಲೋರೈಡಿನ ವಿಷಹೊಗೆ ಏಳುತ್ತದೆ. ಅಚ್ಚಿನಲ್ಲಿ ನೀರಿನ ಹನಿಯಿದ್ದರೆ ಬಿಸಿದ್ರವ ಸಿಡಿಯುತ್ತದೆ. ಗಾಳಿಯಾಡುವ ಸ್ಥಳ, ಕೈಗವಸು, ಕನ್ನಡಕ, ಅಡುಗೆಗೆ ಬಳಸದ ಪಾತ್ರೆ, ಇವು ಅನಿವಾರ್ಯ.

ಹುಳು ಕೊಳೆತು ಮಣ್ಣಾಗುತ್ತದೆ; ಈ ಎರೆ ಹಾಗಲ್ಲ. ಹರಿದುದನ್ನು ನೀರಿಗೆ ಎಸೆಯದೆ ಮತ್ತೆ ಕರಗಿಸಬಹುದು. ಪ್ರಯೋಗಶಾಲೆಯ ಪದಾರ್ಥಕ್ಕೆ ಗೃಹಸ್ಥರು ಕಲ್ಪಿಸಿದ ಇಂತಹ ಉಪಯೋಗಗಳನ್ನು ಉದ್ಯಮದ ಇತಿಹಾಸಕಾರರು ಕಡೆಗಣಿಸಲಾಗದೆಂದು ನಾವು ಭಾವಿಸುತ್ತೇವೆ.