ಹಾಡು ನಿಲ್ಲಿಸದ ಥೋರಿನ್

ಮೂರು ರಾತ್ರಿ ನಾನು ಗಾಬ್ಲಿನ್‌ಗಳ ಸೆರೆಮನೆಯಲ್ಲಿ ಸಿಕ್ಕಿಬಿದ್ದಿದ್ದೆ. ಕಿಟಕಿ ಇದೆ, ಕೈಗೆಟುಕಲ್ಲ. ಜೊತೆಗಿರೋ ಕುಳ್ಳ ಥೋರಿನ್ ನೋಡಿದ್ರೆ ಕೂತ್ಕೊಂಡು ಚಿನ್ನದ ಮೇಲೆ ಹಾಡು ಹೇಳ್ತಿದ್ದಾನೆ. ನಾನೇನು ಟೈಪ್ ಮಾಡಿದರೂ ಅವನದು ಅದೇ ರಾಗ!

ಇದು ಟೋಲ್ಕಿನ್ ಕಾದಂಬರಿ ಆಧರಿಸಿದ ‘ದಿ ಹಾಬಿಟ್’ ಆಟ. 1982ರಲ್ಲಿ ಜಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಮನೆಗಂಪ್ಯೂಟರಿಗೆ ಬಂದದ್ದು. ಈಗ ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಹಾಕಿಕೊಂಡು ಆಡಬಹುದು. ಆಗ ಕ್ಯಾಸೆಟ್ಟಿನಿಂದ ಲೋಡ್ ಆಗೋವರೆಗೆ ನಿಮಿಷಗಟ್ಟಲೆ ಕಾಯಬೇಕಿತ್ತು. ಕಾಡು, ಬೆಟ್ಟ, ಡ್ರ್ಯಾಗನ್, ಚಿತ್ರಗಳು ಎಲ್ಲವೂ 48 ಕೆಬಿ ಮೆಮೊರಿಯೊಳಗೆ. ಫ್ಯಾಮಿಲಿ ಗ್ರೂಪಿಗೆ ಬರೋ ‘ಶುಭೋದಯ’ದ ಚಿತ್ರವೇ ಇದಕ್ಕಿಂತ ದೊಡ್ಡದಿರುತ್ತೆ.

ಬರೆದವರು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ವೆರೋನಿಕಾ ಮೆಗ್ಲರ್ ಮತ್ತು ಫಿಲಿಪ್ ಮಿಚೆಲ್. ಆಗಿನ ಇಂಥ ಆಟಗಳಲ್ಲಿ ಹೆಚ್ಚಿನವಕ್ಕೆ ‘ದೀಪ ತಗೋ’ ಅನ್ನೋ ಥರದ ಎರಡು ಪದವಷ್ಟೇ ಅರ್ಥವಾಗುತ್ತಿತ್ತು. ಮಿಚೆಲ್ ಇದಕ್ಕೆ ಪೂರ್ತಿ ವಾಕ್ಯ ಓದೋದನ್ನು ಕಲಿಸಿದರು. ಮೆಗ್ಲರ್ ಮಾಡಿದ್ದು ನನಗೆ ಇನ್ನೂ ಇಷ್ಟ. ಹಳೆಯ ‘ಅಡ್ವೆಂಚರ್’ ಆಟ ಒಂದು ಸಲ ಬಿಡಿಸಿದ ಮೇಲೆ ಆಕೆಗೆ ಬೇಜಾರಾಗಿತ್ತಂತೆ. ಎಷ್ಟು ಸಲ ಆಡಿದರೂ ಎಲ್ಲ ಇದ್ದಲ್ಲೇ ಇರುತ್ತೆ. ಹಾಗಾಗಿ ಇಲ್ಲಿ ಪಾತ್ರಗಳಿಗೆ ಅವರದೇ ಬದುಕು ಕೊಟ್ಟರು. ಗ್ಯಾಂಡಾಲ್ಫ್ ಬರ್ತಾನೆ, ಹೇಳದೆ ಕೇಳದೆ ಎದ್ದು ಹೋಗ್ತಾನೆ. ನಾವು ಕೈಕಟ್ಟಿ ಕೂತರೂ ಕಾಲ ಓಡುತ್ತೆ. ನಾವಿಲ್ಲದ ಕಡೆ ಯಾರೋ ಯಾರನ್ನೋ ಕೊಂದಿರ್ತಾರೆ. ನಿನ್ನೆ ಆಡಿದ ಆಟ ಇವತ್ತು ಹಾಗೇ ಇರಲ್ಲ. ಇದರಿಂದ ಎಡವಟ್ಟುಗಳೂ ಬೇಕಾದಷ್ಟು. ಆದರೂ ಇವತ್ತಿನ ಎಷ್ಟೋ ಗಿಗಾಬೈಟ್ ಆಟಗಳಲ್ಲಿ ನಾವು ಬರೋವರೆಗೆ ಗೊಂಬೆ ಥರ ನಿಂತಿರೋ ಪಾತ್ರಗಳಿಗಿಂತ ಇವರೇ ವಾಸಿ.

ಸರಿ, ಸೆರೆಮನೆಗೆ ಬರೋಣ. ಗೋಡೆ ಹತ್ತಿದೆ, ಮರಳು ಅಗೆದೆ, ಬೈದೂ ನೋಡಿದೆ. ಥೋರಿನ್‌ಗೆ ಏನಾದರೂ ಹೇಳಬಹುದು ಅಂತ ಮಾತ್ರ ಹೊಳೆಯಲೇ ಇಲ್ಲ. ಆಫೀಸಿನಲ್ಲೂ ನಂದು ಇದೇ ಚಾಳಿ. ಎರಡು ದಿನ ಕೋಡ್ ಕೈಕೊಟ್ಟರೂ ಪಕ್ಕದ ಸೀಟಿನವರನ್ನು ಕೇಳೋನಲ್ಲ.

ಮೂರನೇ ರಾತ್ರಿ, ಹನ್ನೆರಡು ದಾಟಿದ ಮೇಲೆ, ಅವನಿಗೆ ಟೈಪ್ ಮಾಡಿದೆ: ನನ್ನನ್ನು ಎತ್ತಿಕೋ. ಆಗಲ್ಲ ಅಂದ. ಮೆಗ್ಲರ್ ಅವನಿಗೆ ಆ ಹಕ್ಕನ್ನೂ ಕೊಟ್ಟಿದ್ದರು. ಮತ್ತೆ ಕೇಳಿದೆ. ಎತ್ತಿಕೊಂಡ.

ಕಿಟಕಿ ದಾಟಿ ಹೊರಗೆ ಬಂದ್ವಿ. ಥೋರಿನ್ ಕೆಳಗೆ ಕೂತ. ಹಾಡು ಶುರು.